ಪೆನಾಂಗ್ ಬೀದಿಯ ತಿನಿಸು: ಸವಿಯುವ ಮುನ್ನ ತಿಳಿದಿರಬೇಕಾದ್ದು

ವಾರಾಂತ್ಯಕ್ಕೆ ಎರಡು ದಿನ ರಜೆ ಸೇರಿಸಿಕೊಂಡು ಆಗ್ನೇಯ ಏಷ್ಯಾದ ಯಾವುದಾದರೊಂದು ಊರನ್ನು ಸುತ್ತಿ ಬರುವುದು ರಾಜ್ಯದ ನಗರವಾಸಿಗಳಿಗೆ ಈಗ ಅಪರೂಪದ ಸಂಗತಿಯಲ್ಲ. 2023ರ ಡಿಸೆಂಬರ್ 1ರಿಂದ ಮಲೇಷ್ಯಾ ಸರ್ಕಾರವು ಭಾರತೀಯ ಪ್ರವಾಸಿಗರಿಗೆ 30 ದಿನಗಳವರೆಗಿನ ಭೇಟಿಗೆ ವೀಸಾ ವಿನಾಯಿತಿ ನೀಡಲಾರಂಭಿಸಿದ ಬಳಿಕ ಅಲ್ಲಿನ ಪೆನಾಂಗ್ ದ್ವೀಪಕ್ಕೂ ಹಾದಿ ಸುಗಮವಾಯಿತು. ಅಲ್ಲಿಗೆ ಹೋಗುವವರಲ್ಲಿ ಹೆಚ್ಚಿನವರ ಮುಖ್ಯ ಆಕರ್ಷಣೆ ಕಡಲತೀರವಲ್ಲ, ಬೀದಿಬದಿಯ ತಿಂಡಿ.

ಆದರೆ ಕರ್ನಾಟಕದಿಂದ ಹೋದವರಿಗೆ ಅಲ್ಲೊಂದು ತೊಡಕು ಎದುರಾಗುತ್ತದೆ. ತಟ್ಟೆಯಲ್ಲಿ ಕಾಣುವುದು ಸೊಪ್ಪು, ತರಕಾರಿ, ಅಕ್ಕಿಯ ಶಾವಿಗೆ. ರುಚಿ ಕೊಟ್ಟಿರುವುದು ಒಣಸೀಗಡಿ ಅಥವಾ ಹಂದಿಯ ಕೊಬ್ಬು. ಇದಕ್ಕೆ ಅಂಜಿ ಊರಿನಿಂದ ಒಯ್ದ ಚಪಾತಿ, ಚಟ್ನಿಪುಡಿಯಲ್ಲೇ ನಾಲ್ಕು ದಿನ ಕಳೆಯುವವರಿದ್ದಾರೆ. ತಿಳಿಯದೆ ತಿಂದು ಆಮೇಲೆ ಪರಿತಪಿಸುವವರೂ ಇದ್ದಾರೆ. ಯಾವ ತಿನಿಸಿನಲ್ಲಿ ಏನಿರುತ್ತದೆ ಎಂಬುದನ್ನು ಮೊದಲೇ ಅರಿತರೆ ಈ ಎರಡೂ ಕಷ್ಟ ತಪ್ಪುತ್ತದೆ.

ವಲಸೆಗಾರರ ಅಡುಗೆ

1786ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಫ್ರಾನ್ಸಿಸ್ ಲೈಟ್ ಪೆನಾಂಗ್‌ನಲ್ಲಿ ನೆಲೆಯೂರಿ ಬಂದರು ಸ್ಥಾಪಿಸಿದ. ಮಲಯರ ಈ ನೆಲಕ್ಕೆ ದಕ್ಷಿಣ ಚೀನಾದ ವರ್ತಕರು, ಕೂಲಿಕಾರರು ಹಾಗೂ ಕೋರಮಂಡಲ ತೀರದ ತಮಿಳು ಮುಸ್ಲಿಮರು ಬಂದು ಸೇರಿದರು. ಈ ಮಿಶ್ರ ಪರಂಪರೆಯ ಕಾರಣದಿಂದಲೇ ರಾಜಧಾನಿ ಜಾರ್ಜ್‌ಟೌನ್‌ಗೆ 2008ರಲ್ಲಿ ಮಲಾಕಾ ನಗರದೊಂದಿಗೆ ಯುನೆಸ್ಕೋ ವಿಶ್ವ ಪರಂಪರೆಯ ಮಾನ್ಯತೆ ದೊರೆಯಿತು.

ಬೀದಿ ತಿನಿಸುಗಳ ಹೆಸರಿನಲ್ಲೇ ಈ ಚರಿತ್ರೆ ಅಡಗಿದೆ. 'ನಾಸಿ ಕಂದರ್' ಎಂಬುದರಲ್ಲಿ 'ನಾಸಿ' ಎಂದರೆ ಅನ್ನ, 'ಕಂದರ್' ಎಂದರೆ ಹೆಗಲ ಮೇಲೆ ಹೊರುವ ಅಡ್ಡೆ. ತಮಿಳು ಮುಸ್ಲಿಂ ವ್ಯಾಪಾರಿಗಳು ನಮ್ಮ ಕಾವಡಿಯಂತಹ ಅಡ್ಡೆಯ ಒಂದು ತುದಿಗೆ ಅನ್ನ, ಇನ್ನೊಂದು ತುದಿಗೆ ಸಾರು ತೂಗಿಸಿಕೊಂಡು ಮಾರುತ್ತಿದ್ದ ಊಟವಿದು. ಈಗ ಅಂಗಡಿಗಳಲ್ಲಿ ಅನ್ನದ ಮೇಲೆ ಮೂರ್ನಾಲ್ಕು ಬಗೆಯ ಮಾಂಸ, ಮೀನಿನ ಸಾರುಗಳನ್ನು ಬೆರೆಸಿ ಸುರಿದು ಕೊಡುತ್ತಾರೆ. ಚೀನೀಯರ 'ಚಾರ್ ಕ್ವೇ ತಿಯೋ' ದೊಡ್ಡ ಉರಿಯ ಮೇಲೆ ಹುರಿದ ಅಗಲವಾದ ಅಕ್ಕಿ ಶಾವಿಗೆ. ಸೀಗಡಿ, ಚಿಪ್ಪುಮೀನು, ಮೊಟ್ಟೆ, ಹುರುಳಿಯ ಗಾತ್ರದ ಕಾಳಿನಿಂದ ತೆಗೆದ ಉದ್ದ ಮೊಳಕೆ ಇದರಲ್ಲಿರುತ್ತವೆ. ಸಾಂಪ್ರದಾಯಿಕ ವಿಧಾನದಲ್ಲಿ ಹುರಿಯಲು ಬಳಸುವುದು ಹಂದಿಯ ಕೊಬ್ಬು. 'ಆಸಂ ಲಕ್ಸಾ' ಹುಣಸೆಹುಳಿಯಲ್ಲಿ ಕುದಿಸಿದ ಮೀನಿನ ಸಾರು. ಪುದೀನ, ಅನಾನಸು, ಸೌತೆಕಾಯಿಯ ಎಳೆಗಳೊಡನೆ ದಪ್ಪ ಅಕ್ಕಿ ಶಾವಿಗೆ ಹಾಕಿ ಕೊಡುತ್ತಾರೆ.

ಸಿಹಿಯಲ್ಲಿ ನಮ್ಮದೇ ಸಾಮಗ್ರಿ

ಕನ್ನಡಿಗರಿಗೆ ಹೆಚ್ಚು ಆಪ್ತವೆನಿಸುವುದು ಅಲ್ಲಿನ ಸಿಹಿ ತಿನಿಸುಗಳು. ಕರಾವಳಿ, ಮಲೆನಾಡಿನ ಅಡುಗೆಮನೆಯಲ್ಲಿರುವ ಅಕ್ಕಿ, ತೆಂಗಿನಕಾಯಿ, ಬೆಲ್ಲಗಳೇ ಇವುಗಳಿಗೂ ಆಧಾರ. ವ್ಯತ್ಯಾಸವೆಂದರೆ ಬೆಲ್ಲ ಕಬ್ಬಿನದಲ್ಲ. 'ಗುಲಾ ಮಲಾಕಾ' ಎಂದು ಕರೆಯುವ ತಾಳೆ ಜಾತಿಯ ಮರಗಳ ರಸದ ಬೆಲ್ಲ. ಘಮಕ್ಕೆ ಏಲಕ್ಕಿಯ ಬದಲು ಕೇದಗೆಯ ಕುಲಕ್ಕೆ ಸೇರಿದ ಪಾಂಡಾನ್ ಎಲೆ.

'ಚೆಂಡೋಲ್' ಇವುಗಳಲ್ಲಿ ಪ್ರಸಿದ್ಧ. ಪಾಂಡಾನ್ ರಸ ಬೆರೆಸಿದ ಹಿಟ್ಟಿನ ಹಸಿರು ಎಳೆಗಳನ್ನು ತೆಂಗಿನ ಹಾಲು, ಬೆಲ್ಲದ ಪಾಕ, ಬೇಯಿಸಿದ ಕೆಂಪು ಕಾಳು, ಹೆರೆದ ಮಂಜುಗಡ್ಡೆಯೊಂದಿಗೆ ಬಟ್ಟಲಿನಲ್ಲಿ ಕೊಡುತ್ತಾರೆ. 'ಪುಟ್ಟು ಮಾಯಂ' ನಮ್ಮ ಒತ್ತು ಶಾವಿಗೆಯೇ. ಕಾಯಿತುರಿ ಮತ್ತು ಬೆಲ್ಲ ಅಥವಾ ಸಕ್ಕರೆಯೊಂದಿಗೆ ತಿನ್ನುತ್ತಾರೆ. 'ಅಪೊಂ' ಎಂಬುದು ತಮಿಳರು, ಮಲಯಾಳಿಗಳ ಅಪ್ಪಂನ ಬಂಧು. ಕೆಲವೆಡೆ ಇದಕ್ಕೆ ಮೊಟ್ಟೆ ಸೇರಿಸುತ್ತಾರೆ. ಚೀನೀ ಮತ್ತು ಮಲಯ ಸಂಸ್ಕೃತಿಗಳ ಬೆಸುಗೆಯಿಂದ ಹುಟ್ಟಿದ 'ನ್ಯೋನ್ಯಾ ಕುಯೆ'ಗಳದು ದೊಡ್ಡ ಕುಟುಂಬ. 'ಆಂಗ್ ಕು' ಎಂಬುದು ಬಾಳೆಎಲೆಯ ತುಂಡಿನ ಮೇಲೆ ಹಬೆಯಲ್ಲಿ ಬೇಯಿಸಿದ, ಹೆಸರುಬೇಳೆಯ ಸಿಹಿ ಹೂರಣ ತುಂಬಿದ ಅಂಟು ಅಕ್ಕಿಯ ಕಡುಬು. ಆಮೆಯ ಬೆನ್ನಿನಂತಹ ಅಚ್ಚು ಅದರ ಗುರುತು.

ಕಣ್ಣಿಗೆ ಕಾಣದ ಸಾಮಗ್ರಿ

ಪ್ರವಾಸಿಗರು ಎಡವುವುದು ಮುಖ್ಯವಾಗಿ ಮೂರು ಕಡೆ. ಮೊದಲನೆಯದು 'ಬೆಲಾಚನ್', ಅಂದರೆ ಸೀಗಡಿಯನ್ನು ಉಪ್ಪಿನಲ್ಲಿ ಹುದುಗಿಸಿ ಒಣಗಿಸಿದ ಗಟ್ಟಿ. ಚಟ್ನಿಯಂತೆ ಬಡಿಸುವ ಸಂಬಲ್‌ನಲ್ಲಿ, ಸೊಪ್ಪಿನ ಪಲ್ಯದಲ್ಲಿ ಇದು ಸಾಮಾನ್ಯ. ಎರಡನೆಯದು 'ಹೇ ಕೋ' ಎಂಬ ಕಪ್ಪು, ಸಿಹಿಯಾದ ಸೀಗಡಿ ಲೇಹ್ಯ. ಹೆಚ್ಚಿದ ಹಣ್ಣುಗಳ 'ರೋಜಾಕ್' ನೋಡಲು ಫಲಾಹಾರವೇ ಆದರೂ ಮೇಲೆ ಸುರಿದ ಸಾಸ್‌ನಲ್ಲಿ ಇದಿರುತ್ತದೆ. ಮೂರನೆಯದು ಹಂದಿಯ ಕೊಬ್ಬು. ಪೆನಾಂಗ್‌ನಿಂದ ಉಡುಗೊರೆಯಾಗಿ ತರುವ 'ತಾವ್ ಸಾ ಪಿಯಾ' ಎಂಬ ಹೆಸರುಬೇಳೆ ಹೂರಣದ ಬಿಸ್ಕತ್ತಿನ ಪದರಗಳಿಗೂ ಹಿಂದಿನಿಂದ ಇದನ್ನೇ ಬಳಸುವ ರೂಢಿ ಇದೆ. ಸಸ್ಯಜನ್ಯ ಎಣ್ಣೆಯಲ್ಲಿ ಮಾಡಿದವೂ ಸಿಗುತ್ತವೆ. ಕೊಳ್ಳುವ ಮುನ್ನ ಪೊಟ್ಟಣದ ಮೇಲಿನ ವಿವರ ಓದುವುದು ಅವಶ್ಯ.

'ಹಲಾಲ್' ಮುದ್ರೆಯಿದ್ದರೆ ಹಂದಿಯ ಅಂಶವಿಲ್ಲ ಎಂದು ನಂಬಬಹುದು. ಆದರೆ ಅದು ಸಸ್ಯಾಹಾರದ ಗುರುತಲ್ಲ. ಸೀಗಡಿ ಅಥವಾ ನೆಲಗಡಲೆಯ ಅಲರ್ಜಿ ಇರುವವರಿಗೆ ಇದು ನಂಬಿಕೆಯ ಪ್ರಶ್ನೆಯಷ್ಟೇ ಅಲ್ಲ, ಜೀವದ ಪ್ರಶ್ನೆ. ಒಂದೇ ಬಾಣಲೆಯಲ್ಲಿ ಎಲ್ಲವನ್ನೂ ಹುರಿಯುವ ಅಂಗಡಿಗಳಿಂದ ಅಂಥವರು ದೂರವಿರುವುದೇ ಕ್ಷೇಮ.

ಕೇಳುವುದು ಹೇಗೆ?

'ವೆಜಿಟೇರಿಯನ್' ಎಂದಷ್ಟೇ ಹೇಳಿದರೆ ಮಾಂಸದ ತುಂಡು ತೆಗೆದು ಸಾರನ್ನು ಹಾಗೆಯೇ ಕೊಡುವ ಸಾಧ್ಯತೆ ಇದೆ. ಬೇಡವಾದುದನ್ನು ಒಂದೊಂದಾಗಿ ಹೆಸರಿಸುವುದು ಉತ್ತಮ. ಮಲಯ ಭಾಷೆಯಲ್ಲಿ 'ಸಾಯಾ ತಾಕ್ ಮಾಕಾನ್' ಎಂದರೆ 'ನಾನು ತಿನ್ನುವುದಿಲ್ಲ' ಎಂದರ್ಥ. ಇದರ ಮುಂದೆ 'ದಾಗಿಂಗ್' (ಮಾಂಸ), 'ಆಯಾಮ್' (ಕೋಳಿ), 'ಇಕಾನ್' (ಮೀನು), 'ಉದಾಂಗ್' (ಸೀಗಡಿ), 'ತೆಲೂರ್' (ಮೊಟ್ಟೆ) ಎಂಬ ಪದಗಳಲ್ಲಿ ಬೇಕಾದುದನ್ನು ಸೇರಿಸಿಕೊಳ್ಳಬಹುದು. ಭಾರತೀಯ ಮೂಲದವರ ಅಂಗಡಿಗಳಲ್ಲಿ ತಮಿಳು ಬಲ್ಲವರಿಗೆ ಈ ಕಷ್ಟವೂ ಇಲ್ಲ.

ಚೀನೀ ಬೌದ್ಧ ಸಂಪ್ರದಾಯದ ಸಸ್ಯಾಹಾರಿ ಅಂಗಡಿಗಳು ಇನ್ನೊಂದು ಆಸರೆ. ಈ ಸಂಪ್ರದಾಯದಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ವರ್ಜ್ಯ. ಚೀನೀ ಪಂಚಾಂಗದ ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನ ಆಚರಿಸುವ 'ಒಂಬತ್ತು ಚಕ್ರವರ್ತಿ ದೇವರು'ಗಳ ಹಬ್ಬದಲ್ಲಿ ಭಕ್ತರು ಮಾಂಸ ತ್ಯಜಿಸುತ್ತಾರೆ. ಆಗ ಹಳದಿ ಬಾವುಟ ಕಟ್ಟಿದ ಸಸ್ಯಾಹಾರಿ ಅಂಗಡಿಗಳು ಬೀದಿಬೀದಿಯಲ್ಲಿ ತಲೆಯೆತ್ತುತ್ತವೆ. ಹೆಚ್ಚಿನ ವರ್ಷಗಳಲ್ಲಿ ಈ ಹಬ್ಬ ನಮ್ಮ ನವರಾತ್ರಿಯ ಆಸುಪಾಸಿನಲ್ಲೇ ಬರುವುದರಿಂದ ದಸರಾ ರಜೆಯ ಪ್ರವಾಸಿಗರಿಗೆ ಅನುಕೂಲ.

'ಕೊಪಿಟಿಯಾಂ' ಎಂಬ ಕಾಫಿ ಅಂಗಡಿಯ ವ್ಯವಸ್ಥೆಯನ್ನೂ ಅರಿತಿರಬೇಕು. ಸೂರು ಹಾಗೂ ಪಾನೀಯ ಒಬ್ಬ ಮಾಲೀಕನದು; ಅದರಡಿ ತಿಂಡಿಯ ಒಂದೊಂದು ಮಳಿಗೆ ಒಬ್ಬೊಬ್ಬರದು. ಬೇಕಾದ ಮಳಿಗೆಗೆ ಹೋಗಿ ಹೇಳಿ, ಕೂತ ಮೇಜು ತೋರಿಸಿದರೆ ತಟ್ಟೆ ಅಲ್ಲಿಗೆ ಬರುತ್ತದೆ. ಹಣವನ್ನು ಆಯಾ ಮಳಿಗೆಗೆ ಬೇರೆ ಬೇರೆಯಾಗಿ ಕೊಡಬೇಕು. ಕುಳಿತವರು ಪಾನೀಯವೊಂದನ್ನು ಕೊಳ್ಳುವುದು ಮರ್ಯಾದೆ. ಕಾಫಿ, ಚಹಾಗಳಿಗೆ ಸಿಹಿಯಾದ ಗಟ್ಟಿಹಾಲು ಬೆರೆಸುವುದರಿಂದ ಮಧುಮೇಹಿಗಳು 'ಕೊಪಿ ಓ ಕೊಸೊಂಗ್' ಎಂದು ಕೇಳಬೇಕು. ಅದು ಹಾಲು, ಸಕ್ಕರೆ ಎರಡೂ ಇಲ್ಲದ ಕಾಫಿ.

ಹೊಟ್ಟೆಯ ಎಚ್ಚರ

ಮಲೇಷ್ಯಾದ 2009ರ ಆಹಾರ ನೈರ್ಮಲ್ಯ ನಿಯಮಗಳ ಪ್ರಕಾರ ಆಹಾರ ತಯಾರಿಸುವವರು ತರಬೇತಿ ಪಡೆದಿರಬೇಕು, ಲಸಿಕೆಯನ್ನೂ ಹಾಕಿಸಿಕೊಂಡಿರಬೇಕು. ಹಾಗಿದ್ದೂ ಪ್ರವಾಸಿಗರ ಎಚ್ಚರಿಕೆ ಅವರ ಕೈಯಲ್ಲೇ ಇದೆ. ಕಣ್ಣೆದುರು ಬೇಯಿಸಿ ಬಿಸಿಬಿಸಿಯಾಗಿ ಕೊಡುವ ತಿನಿಸು, ಸ್ಥಳೀಯರು ಸಾಲುಗಟ್ಟಿ ನಿಂತ ಅಂಗಡಿ ಹೆಚ್ಚು ಸುರಕ್ಷಿತ. ತೆಂಗಿನ ಹಾಲು ಬಿಸಿಲಿನಲ್ಲಿ ಬೇಗ ಕೆಡುವುದರಿಂದ ಕುಯೆಗಳನ್ನು ಬೆಳಿಗ್ಗೆಯೇ ಕೊಂಡು ಅಂದೇ ತಿನ್ನಬೇಕು. ಊರಿಗೆ ತರುವ ಆಸೆ ಬೇಡ.

ಒಲೆಯ ಮುಂದಿರುವವರು

ಈ ತಿನಿಸುಗಳ ಕೀರ್ತಿ ಹೆಚ್ಚುತ್ತಲೇ ಇದೆ. 2022ರ ಡಿಸೆಂಬರ್‌ನಲ್ಲಿ ಮಿಶೆಲಿನ್ ಮಾರ್ಗದರ್ಶಿ ಮೊದಲ ಬಾರಿಗೆ ಕೌಲಾಲಂಪುರ ಮತ್ತು ಪೆನಾಂಗ್‌ಗಳನ್ನು ಒಳಗೊಂಡಿತು. 2024ರ ಡಿಸೆಂಬರ್‌ನಲ್ಲಿ ಮಲೇಷ್ಯಾದ ಬೆಳಗಿನ ಉಪಾಹಾರ ಸಂಸ್ಕೃತಿ ಯುನೆಸ್ಕೋ ಪಟ್ಟಿ ಸೇರಿತು. ಆದರೆ ದಿನವಿಡೀ ಒಲೆಯ ಮುಂದೆ ನಿಲ್ಲುವ ಈ ಕಸುಬನ್ನು ಮುಂದಿನ ಪೀಳಿಗೆ ಕೈಗೆತ್ತಿಕೊಳ್ಳುವುದೇ ಎಂಬ ಆತಂಕ ಅಲ್ಲಿದೆ. ತಲೆಮಾರಿನ ರುಚಿ ಕೆಡಬಾರದೆಂದು ಪೆನಾಂಗ್ ಆಡಳಿತವು 2016ರಲ್ಲಿ ಬೀದಿ ಮಳಿಗೆಗಳಲ್ಲಿ ಸ್ಥಳೀಯ ಖಾದ್ಯಗಳನ್ನು ವಿದೇಶಿ ಕಾರ್ಮಿಕರು ಬೇಯಿಸುವುದನ್ನು ನಿಷೇಧಿಸಿತು. ಕೆಲಸಕ್ಕೆ ಸ್ಥಳೀಯರೇ ಸಿಗದಿದ್ದರೆ ಒಲೆ ಹೊತ್ತಿಸುವವರು ಯಾರು ಎಂಬ ಪ್ರಶ್ನೆಗೆ ನಿಷೇಧವೊಂದೇ ಉತ್ತರವಾಗಲಾರದು.

ಒಂದೇ ಖಾದ್ಯವನ್ನು ಜೀವಮಾನವಿಡೀ ಮಾಡಿಕೊಂಡು ಬಂದ ಮುದುಕರು ಅಲ್ಲಿನ ಮಳಿಗೆಗಳಲ್ಲಿ ಇಂದಿಗೂ ಕಾಣಸಿಗುತ್ತಾರೆ. ಕೇಳಿದರೆ ತಟ್ಟೆಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಅವರೇ ವಿವರಿಸಬಲ್ಲರು. ನಾಲ್ಕು ದಿನದ ಪ್ರವಾಸಕ್ಕೆ ಹೊರಡುವವರು ಚಟ್ನಿಪುಡಿಯ ಜೊತೆಗೆ ಆ ನಾಲ್ಕಾರು ಮಲಯ ಪದಗಳನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಒಳಿತು.