ಕೊಯ್ಯದೆ ಕಂಡ ಉಣುಗಿನ ಒಡಲು

ತೀರ್ಥಹಳ್ಳಿ ಕಡೆಯ ಮಕ್ಕಳಿಗೆ ಉಣುಗನ್ನು ಪರಿಚಯಿಸಬೇಕಾಗಿಲ್ಲ. ದನದ ಕಿವಿಯ ಸಂದಿನಲ್ಲೋ, ದರಗು ತರಲು ಕಾಡಿಗೆ ಹೋಗಿ ಬಂದವರ ಕಾಲಿನ ಮೇಲೋ ಅದು ಕಾಣಸಿಗುತ್ತದೆ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಅದರ ನಡುಹಂತದ ಮರಿ. ಗಾತ್ರದಲ್ಲಿ ಅದು ಸಾಸಿವೆ ಕಾಳಿನಷ್ಟು.

ಇಷ್ಟು ಪುಟ್ಟ ಜೀವಿಗೆ ಮಲೆನಾಡು ಹೆದರುವುದಕ್ಕೆ ಕಾರಣವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲ ಹಳ್ಳಿಗರು ಜ್ವರದಿಂದ ಹಾಸಿಗೆ ಹಿಡಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ರೋಗದ ಮೂಲ ಹುಡುಕಿದರು. ವೈರಸ್ಸನ್ನು ಹರಡುವುದರಲ್ಲಿ ಮುಖ್ಯವಾದುದು ಹಿಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಇದೇ ಮಂಗನ ಕಾಯಿಲೆ ಹಲವರನ್ನು ಬಲಿ ತೆಗೆದುಕೊಂಡಿತು.

ವೈರಸ್ಸು ನಮ್ಮ ರಕ್ತ ಸೇರುವುದು ಉಣುಗಿನ ಜೊಲ್ಲಿನ ಮೂಲಕ. ಆದ್ದರಿಂದ ಉಣುಗುಗಳ ಜೊಲ್ಲುಗ್ರಂಥಿ, ಕವಲೊಡೆದ ಕರುಳು, ಬಾಯಿಯ ರಚನೆ ಇವುಗಳ ಅಧ್ಯಯನಕ್ಕೆ ಮಹತ್ವವಿದೆ. ಹಳೆಯ ಕ್ರಮದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಅದನ್ನು ಸೂಜಿಯಿಂದ ಬಿಡಿಸಬೇಕು, ಇಲ್ಲವೇ ಮೇಣದಲ್ಲಿ ಹುದುಗಿಸಿ ತೆಳ್ಳಗೆ ಕೊಯ್ಯಬೇಕು. ಹೇಗೆ ಮಾಡಿದರೂ ಮಾದರಿ ಉಳಿಯದು. ಅದು ಅಪರೂಪದ ಪ್ರಭೇದವಾದರೆ ನಷ್ಟ ದೊಡ್ಡದು.

ಕೊಯ್ಯದೆ ನೋಡುವ ಉಪಾಯವೇ ಮೈಕ್ರೋ ಸಿ.ಟಿ. ಇದು ಆಸ್ಪತ್ರೆಯ ಸಿ.ಟಿ. ಸ್ಕ್ಯಾನಿನ ಕಿರಿಯ ತಮ್ಮ. ಅಲ್ಲಿ ರೋಗಿಯ ಸುತ್ತ ಯಂತ್ರ ತಿರುಗುತ್ತದೆ. ಇಲ್ಲಿ ಸಾಮಾನ್ಯವಾಗಿ ಕ್ಷ-ಕಿರಣದ ಎದುರು ಮಾದರಿಯೇ ತಿರುಗುತ್ತದೆ. ಒಂದೊಂದು ಕೋನಕ್ಕೆ ಒಂದೊಂದರಂತೆ ನೂರಾರು ನೆರಳುಚಿತ್ರ ತೆಗೆದು, ಗಣಕಯಂತ್ರ ಅವನ್ನು ಲೆಕ್ಕ ಹಾಕಿ ಜೋಡಿಸುತ್ತದೆ. ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ಸೂಕ್ಷ್ಮ ವಿವರವೂ ಸಿಗಬಲ್ಲದು. ತೆರೆಯ ಮೇಲೆ ಎಲ್ಲಿ ಬೇಕಾದರೂ 'ಕೊಯ್ದು' ನೋಡಬಹುದು. ಸತ್ತ ಉಣುಗು ಮಾತ್ರ ಇಡಿಯಾಗಿ ಸೀಸೆಗೆ ಮರಳುತ್ತದೆ. 1982ರಲ್ಲಿ ಇಂಗ್ಲೆಂಡಿನ ಎಲಿಯಟ್ ಮತ್ತು ಡೋವರ್ ಇಂಥ ಚಿತ್ರಣವನ್ನು ಪುಟ್ಟ ಬಸವನಹುಳುವಿನ ಚಿಪ್ಪಿನ ಮೇಲೆ ಮಾಡಿ ತೋರಿಸಿದ್ದರು.

ಒಂದು ತೊಡಕಿತ್ತು. ಉಣುಗಿಗೆ ಮೂಳೆಯಿಲ್ಲ, ಮೆದು ಅಂಗಗಳು ಕ್ಷ-ಕಿರಣವನ್ನು ಅಷ್ಟಾಗಿ ತಡೆಯವು. ಅದಕ್ಕೆ ಮಾದರಿಯನ್ನು ಅಯೊಡಿನ್ ದ್ರಾವಣದಲ್ಲಿ ನೆನೆಸುತ್ತಾರೆ. ಒಂದೊಂದು ಅಂಗ ಒಂದೊಂದು ಪ್ರಮಾಣದಲ್ಲಿ ಅಯೊಡಿನ್ ಹೀರಿ ಬೇರೆಬೇರೆಯಾಗಿ ಕಾಣುತ್ತದೆ. ಸಿಂಕ್ರೊಟ್ರಾನ್ ಎಂಬ ದೊಡ್ಡ ಯಂತ್ರದ ಪ್ರಖರ ಕ್ಷ-ಕಿರಣ ಇನ್ನೂ ಮುಂದೆ ಹೋಗುತ್ತದೆ. ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ಜೀವಂತ ಜೀರುಂಡೆಗಳ ಉಸಿರುನಾಳಗಳು ಕುಗ್ಗಿ ಹಿಗ್ಗುವುದನ್ನು ವಿಜ್ಞಾನಿಗಳು ಅದರಿಂದಲೇ ಕಂಡು 2003ರಲ್ಲಿ ಪ್ರಕಟಿಸಿದರು. ನಮ್ಮ ದೇಶದಲ್ಲಿ ಇಂದೋರಿನ ಇಂಡಸ್-2 ಇಂಥ ಯಂತ್ರ.

ಆದರೆ ಈ ವಿಧಾನಕ್ಕೆ ವೈರಸ್ಸು ಕಾಣದು. ಅದು ಅಷ್ಟು ಸಣ್ಣದು. ಉಣುಗಿನಲ್ಲಿ ಸೋಂಕಿದೆಯೇ ಎಂದು ತಿಳಿಯಲು ಪ್ರಯೋಗಾಲಯದ ಬೇರೆ ಪರೀಕ್ಷೆಯೇ ಬೇಕು.

ಒಡಲಿನ ರಚನೆ ತಿಳಿದರೆ ಮನೆಯವರಿಗೂ ಪ್ರಯೋಜನವಿದೆ. ಉಣುಗಿನ ಬಾಯಲ್ಲಿ ಹಿಂದಕ್ಕೆ ಬಾಗಿದ ಮುಳ್ಳುಗಳ ಸಾಲಿದೆ. ಹೀಗಾಗಿಯೇ ಅದು ಚರ್ಮಕ್ಕೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಅದನ್ನು ಹಿಸುಕದೆ, ತಿರುಚದೆ, ಚರ್ಮಕ್ಕೆ ತೀರ ಹತ್ತಿರದಲ್ಲಿ ಚಿಮುಟದಿಂದ ಹಿಡಿದು ನಿಧಾನವಾಗಿ ನೇರಕ್ಕೆ ಎಳೆಯಬೇಕು. ಡಿಸೆಂಬರಿನಿಂದ ಮೇವರೆಗೆ ಮಕ್ಕಳು ಕಾಡಿನಿಂದ ಬಂದೊಡನೆ ಮೈ ನೋಡಿ, ಬಿಸಿನೀರಿನಲ್ಲಿ ಮೀಯಿಸುವುದು ಒಳ್ಳೆಯದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.