ಎಲೆಯ ಅಡಿಭಾಗ

ಗುಲಾಬಿಯ ಕುಟುಂಬಕ್ಕೆ ಸೇರಿದ ಕೊಟೋನಿಯಾಸ್ಟರ್ ಎಂಬ ಪೊದೆಗಿಡದ ಹಲವು ಪ್ರಭೇದಗಳನ್ನು ಬ್ರಿಟನ್ನಿನ ಜನರು ಕೆಂಪು ಹಣ್ಣುಗಳ ಚೆಲುವಿಗೆ ಮಾರುಹೋಗಿ ಏಷ್ಯಾದಿಂದ ತಂದು ತೋಟಗಳಲ್ಲಿ ಬೆಳೆಸಿದರು. ಹಕ್ಕಿಗಳಿಗೆ ತೋಟದ ಬೇಲಿಯ ಲೆಕ್ಕವೇನು? ಅವು ಹಣ್ಣು ತಿಂದು, ಬೀಜಗಳನ್ನು ಸುಣ್ಣಕಲ್ಲಿನ ಬಂಡೆಗಳ ಮೇಲೆಲ್ಲ ಹರಡಿದವು.

ವೇಲ್ಸ್ ನಾಡಿನ ಕಡಲಂಚಿನಲ್ಲಿ ಗ್ರೇಟ್ ಓರ್ಮ್ ಎಂಬ ಗುಡ್ಡವಿದೆ. ಇದೇ ಕುಲದ ಅಪೂರ್ವ ಕಾಡುಗಿಡವೊಂದು ಬ್ರಿಟನ್ನಿನಲ್ಲಿ ಅಲ್ಲಿ ಮಾತ್ರ ಬೆಳೆಯುತ್ತದೆ. 1978ರಲ್ಲಿ ಅದರ ಆರೇ ಗಿಡಗಳು ಉಳಿದಿದ್ದವು! ಆದುದರಿಂದ ಹೊರನಾಡಿನ ಪೊದೆಗಳನ್ನು ಕೀಳಹೊರಟವರು ಮೊದಲು ಗಿಡವನ್ನು ಸರಿಯಾಗಿ ಗುರುತಿಸಬೇಕು. ಹಣ್ಣನ್ನು ನಂಬುವಂತಿಲ್ಲ, ಎರಡರಲ್ಲಿಯೂ ಅದು ಕೆಂಪೇ. ಚೀನಾದಿಂದ ಬಂದ ಹಾರಿಜಾಂಟಾಲಿಸ್ ಪ್ರಭೇದದ ರೆಂಬೆಗಳು ಮೀನಿನ ಮುಳ್ಳಿನಂತೆ ಒಂದೇ ಸಮತಲದಲ್ಲಿ ಹರಡುತ್ತವೆ. ಪುಟ್ಟ ಎಲೆಗಳು ಮಿರುಗುತ್ತವೆ. ಓರ್ಮ್ ಗಿಡದ ಎಲೆಗೆ ಅಂಥ ಮಿರುಗಿಲ್ಲ. ಅದನ್ನು ಮಗುಚಿದರೆ ಅಡಿಭಾಗದಲ್ಲಿ ಬೂದುಬಣ್ಣದ ದಟ್ಟ ನವಿರು ಕಾಣುತ್ತದೆ.