ತೂತು ನೋಡೋಕಾ, ಗಾಳಿ ನೋಡೋಕಾ? ಸ್ಪಾಟಿಂಗ್ ಸ್ಕೋಪ್ ಕೊಳ್ಳುವ ಮೊದಲು ಒಂದಿಷ್ಟು ಲೆಕ್ಕ

ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತೆ. ಗುಂಡು ತಗುಲಿದರೆ ಕಾಯಿ ಸಿಡಿಯುತ್ತೆ, ನೀರು ಚಿಮ್ಮುತ್ತೆ, ಸುತ್ತ ನಿಂತವರೆಲ್ಲ ಕೂಗುತ್ತಾರೆ. ಯಾರಿಗೂ ದುರ್ಬೀನು ಬೇಡ. ಕಾಗದದ ಟಾರ್ಗೆಟ್ಟಿನ ಕಥೆ ಹಾಗಲ್ಲ. ಅದು ಸಿಡಿಯೋದಿಲ್ಲ, ಅಲ್ಲಾಡೋದೂ ಇಲ್ಲ. ಗುಂಡು ಹೋದ ಜಾಗದಲ್ಲಿ ಒಂದು ಪುಟ್ಟ ತೂತು ಉಳಿಯುತ್ತೆ, ಅಷ್ಟೇ. ಎನ್‌ಸಿಸಿಯಲ್ಲಿ ಪಾಯಿಂಟ್ ಟೂ ಟೂ ರೈಫಲ್ ಹಿಡಿದವರಿಗೆ ಇದು ಗೊತ್ತಿರುತ್ತೆ. ಎಲ್ಲರ ಫೈರಿಂಗ್ ಮುಗಿದು, ರೇಂಜ್ ಸುರಕ್ಷಿತ ಅಂತ ಹೇಳಿದ ಮೇಲೆ ನಡೆದುಕೊಂಡು ಹೋಗಿ ನೋಡಿದಾಗಲೇ ನಮ್ಮ ಗುಂಡುಗಳು ಎಲ್ಲಿ ಬಿದ್ದಿವೆ ಅನ್ನೋದು ತಿಳಿಯೋದು. ಅಷ್ಟೊತ್ತಿಗೆ ತಿದ್ದಿಕೊಳ್ಳೋಕೆ ಒಂದು ಗುಂಡೂ ಉಳಿದಿರಲ್ಲ.

ಈ ಕೊರತೆ ತುಂಬೋಕೆ ಇರುವ ಉಪಕರಣವೇ ಸ್ಪಾಟಿಂಗ್ ಸ್ಕೋಪ್. ಇದು ರೈಫಲ್ ಮೇಲೆ ಕೂರುವ ಸ್ಕೋಪ್ ಅಲ್ಲ. ಟ್ರೈಪಾಡ್ ಮೇಲೆ ಪಕ್ಕದಲ್ಲಿ ನಿಂತಿರುವ ಒಂದು ಸಣ್ಣ ಟೆಲಿಸ್ಕೋಪ್. ಕೆಲವೇ ಸಾವಿರ ರೂಪಾಯಿಗೂ ಸಿಗುತ್ತೆ, ಯುರೋಪಿನ ದೊಡ್ಡ ಕಂಪನಿಗಳದ್ದಾದರೆ ಲಕ್ಷ ದಾಟುತ್ತೆ. ನಮ್ಮಂಥ ವಿದ್ಯಾರ್ಥಿಗಳು ನಾಲ್ಕೈದು ಜನ ಸೇರಿ ದುಡ್ಡು ಹಾಕಿ ಒಂದನ್ನು ಕೊಳ್ಳೋದಾದರೆ ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಬೇಡ? ಜಾಹೀರಾತು ನೋಡೋದನ್ನು ಸ್ವಲ್ಪ ಬದಿಗಿಟ್ಟು, ಮೊದಲ ವರ್ಷದ ಫಿಸಿಕ್ಸ್ ಪುಸ್ತಕ ತೆರೆಯೋಣ.

ತೂತು ಎಷ್ಟು ದೊಡ್ಡದು?

ಸ್ಕೋಪಿನ ಹೆಸರಲ್ಲಿ "20–60 × 60" ಅಂತ ಇದ್ದರೆ, ಮೊದಲ ಎರಡು ಸಂಖ್ಯೆಗಳು ಎಷ್ಟು ಪಟ್ಟು ಹಿಗ್ಗಿಸುತ್ತೆ ಅನ್ನೋದನ್ನು ಹೇಳುತ್ತವೆ. ಕೊನೆಯದು ಮುಂದಿನ ಲೆನ್ಸಿನ ವ್ಯಾಸ, ಮಿಲಿಮೀಟರಿನಲ್ಲಿ. ಕೊಳ್ಳುವವರ ಕಣ್ಣು ಮೊದಲು ಹೋಗೋದು ಆ 60 ಪಟ್ಟಿನ ಮೇಲೆ. ಅದು ನಿಜಕ್ಕೂ ಬೇಕಾ ಅಂತ ಲೆಕ್ಕ ಹಾಕಿ ನೋಡೋಣ.

ಪಾಯಿಂಟ್ ಟೂ ಟೂ ಗುಂಡಿನ ವ್ಯಾಸ ಸುಮಾರು 5.6 ಮಿ.ಮೀ. ಅದನ್ನು 50 ಮೀಟರಿನಿಂದ ನೋಡಿದರೆ ಕಣ್ಣಲ್ಲಿ ಆಗುವ ಕೋನ ಸುಮಾರು 23 ಆರ್ಕ್ ಸೆಕೆಂಡ್. ಒಂದು ಡಿಗ್ರಿಯಲ್ಲಿ 3600 ಆರ್ಕ್ ಸೆಕೆಂಡ್ ಇರುತ್ತವೆ. ಆರೋಗ್ಯವಂತ ಕಣ್ಣು ಬೇರ್ಪಡಿಸಿ ಗುರುತಿಸಬಲ್ಲ ಅತಿ ಸಣ್ಣ ಕೋನ ಸುಮಾರು 60 ಆರ್ಕ್ ಸೆಕೆಂಡ್. ಕಣ್ಣು ಕಿರಿದು ಮಾಡದೆ ಆರಾಮಾಗಿ ನೋಡಬೇಕು ಅಂದರೆ ಅದರ ಮೂರೂವರೆ ಪಟ್ಟು, ಅಂದರೆ ಸುಮಾರು 200 ಇರಲಿ ಅಂತ ಇಟ್ಟುಕೊಳ್ಳೋಣ. 200ನ್ನು 23ರಿಂದ ಭಾಗಿಸಿದರೆ ಸುಮಾರು 9. ಅಂದರೆ 50 ಮೀಟರಿಗೆ 10 ಪಟ್ಟು ಇದ್ದರೂ ತೂತು ಕಾಣುತ್ತೆ. 20 ಪಟ್ಟು ಇದ್ದರೆ ತೂತಿನ ಅಂಚು ಯಾವ ರಿಂಗಿನ ಗೆರೆಯನ್ನು ಮುಟ್ಟಿದೆ ಅನ್ನೋದೂ ಗೊತ್ತಾಗುತ್ತೆ.

ಈಗ 300 ಮೀಟರಿಗೆ ಹೋಗೋಣ. ಅಲ್ಲಿ ರೈಫಲ್ ದೊಡ್ಡದು, 7.62 ಮಿ.ಮೀ. ಗುಂಡು ಅಂತ ಇಟ್ಟುಕೊಳ್ಳಿ. ಕೋನ ಸುಮಾರು 5 ಆರ್ಕ್ ಸೆಕೆಂಡಿಗೆ ಇಳಿಯುತ್ತೆ. 40 ಪಟ್ಟು ಬೇಕು. ಇಲ್ಲಿವರೆಗೂ ಕೈಗೆಟುಕುವ ಸ್ಕೋಪುಗಳ ಕೆಲಸವೇ.

1000 ಗಜದ, ಅಂದರೆ 914 ಮೀಟರಿನ ಲಾಂಗ್ ರೇಂಜ್ ಶೂಟಿಂಗ್‌ನಲ್ಲಿ ಅದೇ ತೂತು 1.7 ಆರ್ಕ್ ಸೆಕೆಂಡ್ ಆಗುತ್ತೆ. ಲೆಕ್ಕದ ಪ್ರಕಾರ 120 ಪಟ್ಟು ಬೇಕು. ಇಲ್ಲಿ ಎರಡು ಗೋಡೆಗಳು ಅಡ್ಡ ಬರುತ್ತವೆ. ಮೊದಲನೆಯದು ಲೆನ್ಸಿನ ವ್ಯಾಸ. ಬೆಳಕು ಅಲೆಯಾಗಿರೋದರಿಂದ ಯಾವ ಲೆನ್ಸಿಗೂ ಒಂದು ಮಿತಿ ಇದೆ. ಖಗೋಳ ವೀಕ್ಷಕರು ಬಳಸುವ ಡಾಸ್ ಮಿತಿಯ ಪ್ರಕಾರ 116ನ್ನು ಲೆನ್ಸಿನ ಮಿ.ಮೀ. ವ್ಯಾಸದಿಂದ ಭಾಗಿಸಿದರೆ ಆ ಮಿತಿ ಆರ್ಕ್ ಸೆಕೆಂಡಿನಲ್ಲಿ ಸಿಗುತ್ತೆ. 60 ಮಿ.ಮೀ. ಲೆನ್ಸಿಗೆ 1.9, 80 ಮಿ.ಮೀ. ಲೆನ್ಸಿಗೆ 1.45. ಒರಟು ಅಳತೆಯೇ ಆದರೂ ವಿಷಯ ಸ್ಪಷ್ಟ: ಎಷ್ಟೇ ಹಿಗ್ಗಿಸಿದರೂ ಲೆನ್ಸಿಗೆ ಸಿಗದೇ ಇರುವ ವಿವರ ಬರೋದಿಲ್ಲ. ಮೊಬೈಲಿನಲ್ಲಿ ತೆಗೆದ ಫೋಟೋವನ್ನು ಬೆರಳಲ್ಲಿ ಎಳೆದು ಎಳೆದು ದೊಡ್ಡದು ಮಾಡಿದ ಹಾಗೆ, ಮಸುಕೂ ದೊಡ್ಡದಾಗುತ್ತೆ ಅಷ್ಟೇ.

ಎರಡನೇ ಗೋಡೆ ಗಾಳಿ. ಗಾಳಿಯ ವಕ್ರೀಭವನ ಸೂಚ್ಯಂಕ ಉಷ್ಣತೆಯ ಒಂದು ಡಿಗ್ರಿಗೆ ಸುಮಾರು ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ಬದಲಾಗುತ್ತೆ. ಕೇಳೋಕೆ ಏನೂ ಅಲ್ಲ. ಆದರೆ ಕಾದ ನೆಲದ ಮೇಲೆ ಒಂದು ಕಿಲೋಮೀಟರ್ ಉದ್ದಕ್ಕೂ ಬಿಸಿ ಗಾಳಿ, ತಣ್ಣನೆ ಗಾಳಿ ಕಲಸಿಕೊಂಡಿರುವಾಗ, ಬೆಳಕು ಹಾದಿಯುದ್ದಕ್ಕೂ ಅಡ್ಡಾದಿಡ್ಡಿ ಬಾಗುತ್ತಾ ಬರುತ್ತೆ. ಬಿಸಿಲಿನ ಮಧ್ಯಾಹ್ನ ಆ ನಡುಕವೇ ತೂತಿಗಿಂತ ದೊಡ್ಡದು. ಲಕ್ಷದ ಸ್ಕೋಪಿಗೂ ಅದೇ ಗಾಳಿ, ನಮ್ಮ ಸ್ಕೋಪಿಗೂ ಅದೇ ಗಾಳಿ.

ಇಂಗ್ಲೆಂಡಿನ ಬಿಸ್ಲಿಯ ಸ್ಟಿಕಲ್‌ಡೌನ್ ರೇಂಜಿನಲ್ಲಿ 1200 ಗಜದವರೆಗೂ ಗುಂಡು ಹೊಡೆಯುತ್ತಾರೆ. ಅಲ್ಲಿ ತೂತನ್ನು ಸ್ಕೋಪಿನಲ್ಲಿ ಹುಡುಕುವ ಪದ್ಧತಿಯೇ ಇಲ್ಲ. ಟಾರ್ಗೆಟ್ಟಿನ ಕೆಳಗೆ ಸುರಕ್ಷಿತ ಕಂದಕದಲ್ಲಿ ಕೂತವರು ಪ್ರತಿ ಗುಂಡಿಗೂ ಟಾರ್ಗೆಟ್ ಇಳಿಸಿ, ತೂತಿಗೆ ಒಂದು ದೊಡ್ಡ ಬಿಲ್ಲೆ ಸಿಕ್ಕಿಸಿ ಮತ್ತೆ ಏರಿಸುತ್ತಾರೆ. ಇನ್ನು ದೊಡ್ಡ ಕೂಟಗಳಲ್ಲಿ ಎಲೆಕ್ಟ್ರಾನಿಕ್ ಟಾರ್ಗೆಟ್ ಇರುತ್ತೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ತ್ರೀ ಪೊಸಿಶನ್ಸ್‌ನಲ್ಲಿ ಕಂಚು ಗೆದ್ದಾಗ ಪ್ರತಿ ಗುಂಡಿನ ಅಂಕ ಪಕ್ಕದ ಪರದೆ ಮೇಲೆ ಬರುತ್ತಿತ್ತು.

ಹಾಗಾದರೆ ದೂರದ ಶೂಟರುಗಳು ಸ್ಕೋಪ್ ಯಾಕೆ ಇಟ್ಟುಕೊಳ್ಳುತ್ತಾರೆ? ಗಾಳಿ ನೋಡೋಕೆ! ದೂರ ಹೆಚ್ಚಾದಂತೆ ಸ್ಪಾಟಿಂಗ್ ಸ್ಕೋಪಿನ ಕೆಲಸವೇ ಬದಲಾಗುತ್ತೆ. ಇದನ್ನು ತಿಳಿದುಕೊಂಡರೆ ಯಾವ ಸ್ಕೋಪ್ ಕೊಳ್ಳಬೇಕು ಅನ್ನೋ ಪ್ರಶ್ನೆ ಅರ್ಧ ಬಗೆಹರಿದ ಹಾಗೆ.

ಗಾಳಿ ಎಷ್ಟು ತಳ್ಳುತ್ತೆ?

ಪಕ್ಕದಿಂದ ಗಂಟೆಗೆ 16 ಕಿ.ಮೀ. ವೇಗದ ಗಾಳಿ ಬೀಸುತ್ತಿದೆ ಅಂತ ಇಟ್ಟುಕೊಳ್ಳಿ. ಸೈಕಲ್ ತುಳಿಯುವಾಗ ಮುಖಕ್ಕೆ ಬಡಿಯುವಷ್ಟು. ಪಾಯಿಂಟ್ ಟೂ ಟೂ ಗುಂಡು 50 ಮೀಟರ್ ಹೋಗುವಷ್ಟರಲ್ಲಿ ಸುಮಾರು 3 ಸೆಂ.ಮೀ. ಪಕ್ಕಕ್ಕೆ ಸರಿಯುತ್ತೆ. ಆ ಟಾರ್ಗೆಟ್ಟಿನಲ್ಲಿ ಹತ್ತರ ರಿಂಗಿನ ವ್ಯಾಸ 10.4 ಮಿ.ಮೀ., ಒಂದು ರಿಂಗಿನಿಂದ ಇನ್ನೊಂದಕ್ಕೆ 8 ಮಿ.ಮೀ. ಅಂದರೆ ಹೆಚ್ಚುಕಮ್ಮಿ ನಾಲ್ಕು ರಿಂಗ್ ಹೋಯಿತು.

1000 ಗಜದಲ್ಲಿ ಅದೇ ಗಾಳಿ 7.62 ಮಿ.ಮೀ. ಗುಂಡನ್ನು ಸುಮಾರು 2 ಮೀಟರ್ ತಳ್ಳುತ್ತೆ. ಅಮೆರಿಕದ 1000 ಗಜದ ಟಾರ್ಗೆಟ್ಟಿನಲ್ಲಿ ಹತ್ತರ ರಿಂಗಿನ ವ್ಯಾಸ 20 ಇಂಚು, ಅಂದರೆ ಅರ್ಧ ಮೀಟರ್. ಗಾಳಿಯ ವೇಗವನ್ನು ಗಂಟೆಗೆ 4 ಕಿ.ಮೀ. ತಪ್ಪಾಗಿ ಅಂದಾಜು ಮಾಡಿದರೆ ಸಾಕು, ಗುಂಡು ಹತ್ತರಿಂದ ಹೊರಗೆ. ರೈಫಲ್ ಎಷ್ಟೇ ಒಳ್ಳೇದಿರಲಿ, ಕೈ ಎಷ್ಟೇ ಸ್ಥಿರವಾಗಿರಲಿ.

ಬಿಸಿಲು ಕುದಿಯೋದನ್ನು ಓದೋದು

ಬೇಸಿಗೆಯಲ್ಲಿ ಟಾರು ರಸ್ತೆ ಮೇಲೆ ದೂರದಲ್ಲಿ ನೀರು ನಿಂತ ಹಾಗೆ ಕಾಣೋದಕ್ಕೆ ನಾವು ಬಿಸಿಲ್ಗುದುರೆ ಅಂತೀವಿ. ಅದರ ಮೇಲೆ ಗಾಳಿ ಹಬೆಯ ಹಾಗೆ ನಡುಗುತ್ತಾ ಇರೋದನ್ನೂ ನೋಡಿರುತ್ತೀರಿ. ಶೂಟರುಗಳು ಮಿರಾಜ್ ಅನ್ನೋದು ಈ ನಡುಕಕ್ಕೆ. ತೂತು ನೋಡುವವರಿಗೆ ಇದು ಶತ್ರು. ಗಾಳಿ ನೋಡುವವರಿಗೆ ಇದೇ ಗಡಿಯಾರ.

ನೋಡುವ ವಿಧಾನ ಹೀಗೆ. ಸ್ಕೋಪನ್ನು 20 ರಿಂದ 30 ಪಟ್ಟಿನಲ್ಲಿ ಇಡಿ. ಮೊದಲು ಟಾರ್ಗೆಟ್ಟಿಗೆ ಫೋಕಸ್ ಮಾಡಿ. ಆಮೇಲೆ ಫೋಕಸ್ ರಿಂಗನ್ನು ಸ್ವಲ್ಪ ಹತ್ತಿರಕ್ಕೆ ತಿರುಗಿಸಿ, ಟಾರ್ಗೆಟ್ ತುಸು ಮಸುಕಾಗುತ್ತೆ, ನಡುದಾರಿಯ ಗಾಳಿಯ ಅಲೆಗಳು ಎದ್ದು ಕಾಣುತ್ತವೆ. ಅಲೆಗಳು ನೆಟ್ಟಗೆ ಮೇಲಕ್ಕೆ ಏಳುತ್ತಿದ್ದರೆ ಅದನ್ನು ಕುದಿ ಅಂತ ಕರೆಯಬಹುದು: ಒಂದೋ ಗಾಳಿ ಇಲ್ಲ, ಇಲ್ಲಾ ನೇರ ಎದುರಿನಿಂದ ಅಥವಾ ಹಿಂದಿನಿಂದ ಬೀಸುತ್ತಿದೆ. ಸುಮಾರು 60 ಡಿಗ್ರಿ ಓರೆಯಾಗಿ ಎದ್ದರೆ ಗಂಟೆಗೆ 2–5 ಕಿ.ಮೀ. 45 ಡಿಗ್ರಿಗೆ ಬಾಗಿದರೆ 6–11 ಕಿ.ಮೀ. ಹೊಳೆಯ ಹಾಗೆ ಅಡ್ಡಡ್ಡ ಹರಿಯುತ್ತಿದ್ದರೆ 13–19 ಕಿ.ಮೀ. ಅದಕ್ಕಿಂತ ಜೋರಾದರೆ ಅಲೆ ಮತ್ತಷ್ಟು ಮಲಗೋಕೆ ಜಾಗವಿಲ್ಲ. ಆಗ ರೇಂಜಿನ ಬಾವುಟ, ಹುಲ್ಲು, ಧೂಳು ನೋಡಬೇಕು.

ಗಾಳಿಯ ದಿಕ್ಕು ಖಚಿತವಾಗಿ ಬೇಕಾದರೆ ಸ್ಕೋಪನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ತಿರುಗಿಸಿ. ಯಾವ ಕಡೆ ನೋಡಿದಾಗ ಅಲೆಗಳು ಕುದಿಯೋಕೆ ಶುರುವಾಗುತ್ತವೋ, ಗಾಳಿ ಆ ಗೆರೆಯಲ್ಲೇ ಬೀಸುತ್ತಿದೆ ಅಂತ ಅರ್ಥ. ಹರಿವು ನಿಂತು ಕುದಿ ಶುರುವಾದರೆ ಗಾಳಿ ದಿಕ್ಕು ಬದಲಿಸುತ್ತಿದೆ ಅಂತ ಅನುಮಾನ ಪಡಿ. ಆಗ ಗುಂಡು ಹೊಡೆಯದೆ ಕಾಯೋದೇ ಜಾಣತನ.

ಇದನ್ನೆಲ್ಲ ನೋಡೋಕೆ 60 ಪಟ್ಟು ಬೇಕಾಗಿಲ್ಲ ಅನ್ನೋದನ್ನು ಗಮನಿಸಿ. ಬೇಕಾಗಿರೋದು ಚೊಕ್ಕವಾದ, ಅಗಲವಾದ, ಅಲುಗಾಡದ ಚಿತ್ರ.

ಹಾಗಾದರೆ ದುಡ್ಡು ಎಲ್ಲಿ ಹಾಕೋದು?

ಮೊದಲು ವ್ಯಾಸ. 50 ಮೀಟರ್ ಮಾತ್ರ ಆದರೆ 50–60 ಮಿ.ಮೀ. ಸಾಕು. 300 ಮೀಟರ್ ಮತ್ತು ಅದರಾಚೆ ಅಂದರೆ 80ರ ಹತ್ತಿರ ಹೋಗಿ. 60ಕ್ಕಿಂತ 80ರ ಲೆನ್ಸ್ ಸುಮಾರು 1.8 ಪಟ್ಟು ಬೆಳಕು ಹಿಡಿಯುತ್ತೆ. ವ್ಯಾಸವನ್ನು ಹಿಗ್ಗಿಸುವ ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬಿಯ ದಪ್ಪ ಸಿಗುತ್ತೆ. 60 ಮಿ.ಮೀ. ಲೆನ್ಸಿನಲ್ಲಿ 20 ಪಟ್ಟಿಗೆ 3 ಮಿ.ಮೀ., 60 ಪಟ್ಟಿಗೆ ಬರೀ 1 ಮಿ.ಮೀ. ಬಿಸಿಲಲ್ಲೂ ನಮ್ಮ ಕಣ್ಣಿನ ಪಾಪೆ 2–3 ಮಿ.ಮೀ. ತೆರೆದಿರುತ್ತೆ. ಹಾಗಾಗಿ ಸಣ್ಣ ಸ್ಕೋಪನ್ನು ಕೊನೆಯವರೆಗೂ ಝೂಮ್ ಮಾಡಿದರೆ ಚಿತ್ರ ಮಂಕಾಗೋದು ಸಹಜ.

ಎರಡನೆಯದು ಗಾಜು ಮತ್ತು ಕೋಟಿಂಗ್. ಎಲ್ಲ ಗಾಜಿನ ಮೇಲ್ಮೈಗಳಿಗೂ ಹಲವು ಪದರ ಕೋಟಿಂಗ್ ಇದ್ದರೆ ಅದನ್ನು ಫುಲ್ಲಿ ಮಲ್ಟಿ ಕೋಟೆಡ್ ಅಂತ ಬರೆದಿರುತ್ತಾರೆ. ಬರೀ ಕೋಟೆಡ್ ಅಂತ ಇದ್ದರೆ ಅನುಮಾನ ಇರಲಿ. ಇಡಿ ಗಾಜು ಇದ್ದರೆ ಬಣ್ಣದ ಅಂಚು ಕಡಿಮೆ ಕಾಣುತ್ತೆ. ಬಜೆಟ್ ಒಗ್ಗಿದರೆ ಒಳ್ಳೇದು, 50 ಮೀಟರಿಗೆ ಅನಿವಾರ್ಯ ಏನಲ್ಲ. ಸ್ವಬೋನಿ, ಸೆಲೆಸ್ಟ್ರಾನ್ ಅಲ್ಟಿಮಾ ಥರದವು ಕಡಿಮೆ ಬೆಲೆಯ ಸಾಲಿನಲ್ಲಿ ಬರುತ್ತವೆ.

ಮೂರನೆಯದು ಟ್ರೈಪಾಡ್. ಹೆಚ್ಚಿನವರು ಇದನ್ನು ಕೊನೆಗೆ ಉಳಿದ ಚಿಲ್ಲರೆಯಲ್ಲಿ ಕೊಳ್ಳುತ್ತಾರೆ. 40 ಪಟ್ಟು ಹಿಗ್ಗಿಸಿದಾಗ ಅಲುಗಾಟವೂ 40 ಪಟ್ಟು ಹಿಗ್ಗುತ್ತೆ. ಸ್ಕೋಪಿನ ಜೊತೆ ಪುಕ್ಕಟೆ ಬರುವ ಗೇಣುದ್ದದ ಟ್ರೈಪಾಡ್ ಮೇಜಿಗೆ ಮಾತ್ರ ಲಾಯಕ್ಕು. ಬಜೆಟ್ಟಿನ ಮೂರನೇ ಒಂದು ಭಾಗ ಗಟ್ಟಿ ಟ್ರೈಪಾಡಿಗೆ ಇಡಿ ಅನ್ನೋದು ನಮ್ಮ ಸಲಹೆ. ನಡುಗಂಬಕ್ಕೆ ಕಾಲೇಜ್ ಬ್ಯಾಗ್ ನೇತುಹಾಕಿದರೆ ಗಾಳಿಗೆ ಇನ್ನೂ ಗಟ್ಟಿಯಾಗಿ ನಿಲ್ಲುತ್ತೆ.

ನಾಲ್ಕನೆಯದು ಐಪೀಸ್. ಮಲಗಿ ಹೊಡೆಯುವವರಿಗೆ 45 ಡಿಗ್ರಿ ಬಾಗಿದ ಐಪೀಸ್ ವಾಸಿ. ಸ್ಕೋಪನ್ನು ಅದರ ಕಾಲರಿನಲ್ಲಿ ಹೊರಳಿಸಿ ಐಪೀಸನ್ನು ಕಣ್ಣಿನ ಹತ್ತಿರಕ್ಕೇ ತಂದರೆ, ಕೆನ್ನೆ ರೈಫಲ್ಲಿಂದ ಹೆಚ್ಚು ಸರಿಯದೆ ನೋಡಬಹುದು. ಕನ್ನಡಕ ಹಾಕುವವರು ಐ ರಿಲೀಫ್ 15 ಮಿ.ಮೀ.ಗಿಂತ ಹೆಚ್ಚಿರುವುದನ್ನು ನೋಡಿ. ಇಲ್ಲದಿದ್ದರೆ ಚಿತ್ರದ ಅಂಚು ಕತ್ತರಿಸಿ ಹೋಗುತ್ತೆ.

ಪಂಚಿಂಗ್ ಮಶೀನ್ ಪರೀಕ್ಷೆ

ಕೊಳ್ಳುವ ಮೊದಲು, ಅಥವಾ ವಾಪಸ್ ಮಾಡುವ ಗಡುವು ಮುಗಿಯುವ ಮೊದಲು, ಈ ಪರೀಕ್ಷೆ ಮಾಡಿ. ಅಸೈನ್‌ಮೆಂಟಿಗೆ ತೂತು ಹಾಕುವ ಪಂಚಿಂಗ್ ಮಶೀನ್ ಇದೆಯಲ್ಲ, ಅದರ ತೂತು ಸುಮಾರು 6 ಮಿ.ಮೀ. ಪಾಯಿಂಟ್ ಟೂ ಟೂ ಗುಂಡಿಗೆ ಹೆಚ್ಚುಕಮ್ಮಿ ಸಮ. ಒಂದು ಬಿಳಿ ಹಾಳೆ, ಒಂದು ಕಪ್ಪು ಹಾಳೆ, ಒಂದು ಗ್ರಾಫ್ ಶೀಟ್ ತಗೊಂಡು ತೂತು ಹಾಕಿ, ಹಿಂದೆ ಮಂಕು ಬಣ್ಣದ ರಟ್ಟು ಇಟ್ಟು ಕಾಲೇಜಿನ ಉದ್ದದ ಕಾರಿಡಾರಿನ ಆ ತುದಿಗೆ ಅಂಟಿಸಿ. ಟೇಪಿನಲ್ಲಿ 50 ಮೀಟರ್ ಅಳೆದುಕೊಳ್ಳಿ. ಬಿಳಿ ಹಾಳೆಯ ತೂತು ಯಾವ ಸ್ಕೋಪಿನಲ್ಲೂ ಕಾಣುತ್ತೆ. ಕಪ್ಪು ಹಾಳೆಯದೇ ನಿಜವಾದ ಪರೀಕ್ಷೆ, ಯಾಕಂದರೆ ಟಾರ್ಗೆಟ್ಟಿನ ನಡುವಿನ ಭಾಗ ಕಪ್ಪು. ಅಲ್ಲಿ ಬೇಕಾಗೋದು ಕಾಂಟ್ರಾಸ್ಟ್, ಹಿಗ್ಗಿಸೋದಲ್ಲ.

ಆಮೇಲೆ ಝೂಮನ್ನು ನಿಧಾನವಾಗಿ ಏರಿಸಿ. ಯಾವ ಪಟ್ಟಿನಿಂದ ಮುಂದೆ ಗ್ರಾಫ್ ಗೆರೆಗಳು ದೊಡ್ಡದಾದರೂ ಚೊಕ್ಕವಾಗುತ್ತಿಲ್ಲವೋ, ಅದೇ ನಿಮ್ಮ ಸ್ಕೋಪಿನ ನಿಜವಾದ ಗರಿಷ್ಠ. ಪೆಟ್ಟಿಗೆ ಮೇಲೆ 60 ಅಂತ ಇದ್ದು ಅದು 40ಕ್ಕೇ ನಿಂತರೆ ಬೇಜಾರಾಗಬೇಡಿ, 40 ಪಟ್ಟಿನ ಸ್ಕೋಪ್ ಅಂತಲೇ ಬೆಲೆ ಕಟ್ಟಿ. ಕೊನೆಗೆ ಆಕಾಶದ ಹಿನ್ನೆಲೆಯಲ್ಲಿರುವ ನೀರಿನ ಟ್ಯಾಂಕಿನ ಅಂಚು ನೋಡಿ, ನೇರಳೆ ಗೆರೆ ಎಷ್ಟು ದಪ್ಪ ಅನ್ನೋದು ಗೊತ್ತಾಗುತ್ತೆ. ಸೂರ್ಯನ ಕಡೆ ಮಾತ್ರ ಯಾವತ್ತೂ ತಿರುಗಿಸಬೇಡಿ, ಕಣ್ಣು ಹೋಗುತ್ತೆ.

ರೇಂಜಿನಲ್ಲಿ ತೂತು ನೋಡುವ ಕೆಲಸ ಇದ್ದರೆ ಬೆಳಗ್ಗೆ ನೆಲ ಕಾಯುವ ಮೊದಲು ಹೋಗಿ. ಗಾಳಿ ಓದೋದನ್ನು ಕಲಿಯೋಕೆ ಬಿಸಿಲು ಏರಿದ ಮೇಲೆ ಕೂತುಕೊಳ್ಳಿ. ಅದಕ್ಕೆ ರೈಫಲ್ಲೂ ಬೇಡ, ಗುಂಡೂ ಬೇಡ. ಹಾಸ್ಟೆಲ್ ಮಹಡಿಯಿಂದ ಆಟದ ಮೈದಾನದ ಕಡೆ ಸ್ಕೋಪ್ ಇಟ್ಟು, ಗೆಳೆಯನೊಬ್ಬನನ್ನು ಅಲ್ಲಿ ಒಂದು ರಿಬ್ಬನ್ ಹಿಡಿದು ನಿಲ್ಲಿಸಿ. ಅಲೆ ನೋಡಿ ಗಾಳಿಯ ದಿಕ್ಕು ನೀವು ಹೇಳಿ, ರಿಬ್ಬನ್ ನೋಡಿ ಅವನು ಹೇಳಲಿ. ಹತ್ತರಲ್ಲಿ ಎಷ್ಟು ಸಲ ಇಬ್ಬರ ಮಾತೂ ಒಂದೇ ಆಯಿತು ಅಂತ ಬರೆದಿಡಿ. ಆ ಸಂಖ್ಯೆ ಏರುತ್ತಾ ಹೋದರೆ ಸ್ಕೋಪಿಗೆ ಹಾಕಿದ ದುಡ್ಡು ವಸೂಲಾಗುತ್ತಿದೆ ಅಂತಲೇ ಲೆಕ್ಕ.